ಶ್ರೀಮತಿ ಎಡ್ಗರ್ ಸ್ಟೋಕ್

ಕೀಲಿಕೈ ಕೊರೆಯುವ ನನ್ನ ಯಂತ್ರಕ್ಕೆ
ಅಕ್ಷರ ಕೆತ್ತುವ ಮೊನೆಯೂ ಒಂದಿದೆ.
ಅದಕ್ಕೇ ಟ್ರೋಫಿ ನನ್ನ ಅಂಗಡಿಗೆ ಬಂತು,
ಮೊಳೆ, ಹಗ್ಗ, ಇಲಿಬೋನುಗಳ ನಡುವೆ ಕೂತಿತು.
ಟ್ರೋಫಿ ಎಂದರೆ ಕಾಫಿ ಕಾಯಿಸುವ ಪಾತ್ರೆ:
ಹಿಡಿ ಸಡಿಲ, ತಳ ಕಪ್ಪು. ಮರದ ಪೀಠದ ಸುತ್ತ
ಹಿತ್ತಾಳೆ ತಗಡು, ವರ್ಷಕ್ಕೊಂದು.

ನಮ್ಮ ಓಟ್ಲಿಯ ಹೆಂಗಸರ ಕರ್ಲಿಂಗ್ ಪಂದ್ಯಕ್ಕೆ
ಈ ಫೆಬ್ರವರಿಗೆ ಅರವತ್ತು.

ಮೊದಲ ವರ್ಷ ಗಂಡಸರೆಲ್ಲ ರೆಜೈನಾಕ್ಕೆ
ತಮ್ಮ ಪಂದ್ಯ ಆಡಲು ಹೋಗಿದ್ದರಂತೆ.
ಮಂಜುಗಡ್ಡೆಯ ಅಂಕಣದ ಬೀಗದಕೈ
ಪರಾಸ್ಕಾಳ ಗಂಡನ ಭಾನುವಾರದ ಕೋಟಿನಲ್ಲಿ ಉಳಿದಿತ್ತು.
ಇವಳು ಕೋಟು ಒಗೆಯಲು ತೆಗೆದಳು. ಅಷ್ಟೇ.
ಹದಿನಾರು ಹೆಂಗಸರು, ಅಡುಗೆಮನೆಯ ಪೊರಕೆ,
ಸೊನ್ನೆಗಿಂತ ಮೂವತ್ತು ಕೆಳಗಿನ ಚಳಿ,
ಗೆದ್ದವರಿಗೆ
ಯಾರಿಗೋ ಮದುವೆಯಲ್ಲಿ ಎರಡೆರಡು ಬಂದಿದ್ದ
ಈ ಕಾಫಿ ಪಾತ್ರೆ.

ಮನೆಯಲ್ಲಿ ಗುಡಿಸಿದರೆ ಕಸ ಆಚೆ ಹೋಗುತ್ತದೆ.
ಇಲ್ಲಿ ಗುಡಿಸಿದರೆ ಕಲ್ಲು ಮನೆಗೆ ಬರುತ್ತದೆ.
ವೃತ್ತದೊಳಗೆ ವೃತ್ತ ಬಳಿದ ಆ ಗುರಿಗೆ
ಮನೆ ಎಂದೇ ಹೆಸರು.
ಇಪ್ಪತ್ತು ಕಿಲೋ ಭಾರ; ಕೈ ಬಿಟ್ಟ ಮೇಲೆ
ಯಾರೂ ಮುಟ್ಟುವಂತಿಲ್ಲ,
ಮುಂದಿನ ದಾರಿಯನ್ನು ಉಜ್ಜಿ ಉಜ್ಜಿ
ತುಸು ಬೆಚ್ಚಗೆ ಮಾಡಬಹುದು, ಕೂಗಬಹುದು.
ಕೂಗಿ ಕೂಗಿ ನಮ್ಮ ಊರಿನ ಹೆಂಗಸರ ಗಂಟಲು
ಮಾರ್ಚ್ ತನಕ ಒಡೆದೇ ಇರುತ್ತದೆ.

ತಗಡಿನ ಮೇಲೆ ಮಾತ್ರ ಗೆದ್ದವರು ಗಂಡಂದಿರು.
ಶ್ರೀಮತಿ ವಾಲ್ಟರ್ ಕೊಸ್ಟಿಯುಕ್.
ಶ್ರೀಮತಿ ಜೆ. ಟಿ. ಮೆಕ್‌ಫೇಲ್.
ಶ್ರೀಮತಿ ಹೆನ್ರಿ ಥೀಸನ್.
ಶ್ರೀಮತಿ ಎಡ್ಗರ್ ಸ್ಟೋಕ್.
ಸಮಿತಿ ಹೇಳಿತು: ಅವರವರ ಹೆಸರು ಹಾಕು,
ಅಕ್ಷರಕ್ಕೆ ಇಷ್ಟೆಂದು ಕೊಡುತ್ತೇವೆ.

ವಾಲ್ಟರನ ಹೆಂಡತಿ ಪರಾಸ್ಕಾ. ಎಂಬತ್ತೆಂಟು. ಇದ್ದಾಳೆ.
ಮೆಕ್‌ಫೇಲನ ಹೆಂಡತಿ ಐಲ್ಸಾ; ಈ ಗ್ರಾನೈಟು ಒಡೆದು ತಂದ
ಸ್ಕಾಟ್ಲೆಂಡಿನ ದ್ವೀಪದ ಹೆಸರೂ ಅದೇ.
ಕಲ್ಲು ದಾರಿ ತಪ್ಪಿದರೆ
ತವರಿನವರು ಮುನಿಸಿಕೊಂಡರು ಎನ್ನುತ್ತಿದ್ದಳಂತೆ.
ಥೀಸನ್ನನ ಹೆಂಡತಿ ಕಾಟರೀನಾ;
ಗೋರಿಯ ಮೇಲಿನ ಹಿಮ ಕೆರೆದು ಓದಿಕೊಂಡೆ.
ನಾಲ್ಕನೆಯವಳು ಎಲ್ಲೂ ಇಲ್ಲ.
ಗೋಧಿ ಕಣಜದ ಕೆಲಸಕ್ಕೆ ಬಂದು
ಎರಡೇ ಚಳಿಗಾಲ ಇದ್ದು ಹೋದವರು.
ಎಡ್ಗರನ ಸಂಬಳದ ಲೆಕ್ಕ ಸಿಕ್ಕಿತು.
ಎಡ್ಗರನ ನಾಯಿಯ ಪರವಾನಗಿ ಸಿಕ್ಕಿತು.
ನಾಯಿಯ ಹೆಸರು ಡ್ಯೂಕ್.

ವೃದ್ಧಾಶ್ರಮಕ್ಕೆ ಹೋಗಿ ಪರಾಸ್ಕಾಳನ್ನು ಕೇಳಿದೆ.
ಕಣ್ಣು ಮುಚ್ಚಿದಳು. ಮಣಿಕಟ್ಟು ತಿರುಗಿಸಿದಳು,
ಮಕ್ಕಳು ಮಲಗಿದ ಕೋಣೆಯ ಬಾಗಿಲು ತೆರೆಯುವ ಹಾಗೆ.
"ಅವಳ ಕಲ್ಲು ಹೀಗೆ ಹೋಗುತ್ತಿತ್ತು.
ಇನ್ನೇನು ನಿಂತಿತು ಅನ್ನುವಾಗ
ಒಂದು ಮೊಳ ಒಳಕ್ಕೆ ಬಾಗುತ್ತಿತ್ತು.
ಆರು ತಿಂಗಳ ಬಸುರಿ. ಕೆಂಪು ಕೈಗವಸು.
ಸ್ಟೋಕೀ ಅಂತ ಕರೆದೆವು. ಎಲ್ಲರೂ."
ಸ್ವಲ್ಪ ಹೊತ್ತು ಹೀಟರಿನ ಸದ್ದು.
"ಕೇಳಲೇ ಇಲ್ಲ ನೋಡು."

ಪಂದ್ಯದ ಬೆಳಿಗ್ಗೆ, ಅಂಗಳಕ್ಕೆ ಚಿಮುಕಿಸಿದ ಹಾಗೆ
ಮಂಜಿನ ಮೇಲೆ ಹನಿ ಚಿಮುಕಿಸಿ ಹೆಪ್ಪುಗಟ್ಟಿಸಿದರು.
ಪರಾಸ್ಕಾ ಗಾಲಿಕುರ್ಚಿಯಲ್ಲಿ ಬಂದಳು,
ಕೋಲಿನಿಂದ ಮೊದಲ ಕಲ್ಲು ದೂಡಿದಳು.
ಗೆರೆಗೆ ಒಂದು ಗೇಣು ಮೊದಲೇ ನಿಂತಿತು.
ಚಪ್ಪಾಳೆ. ಯಾರೋ ಹುಡುಗಿ
ಕಾಲಿನಿಂದ ಮೆಲ್ಲಗೆ ಮುಂದೂಡಲು ಹೋದಳು.
"ಏ, ಬಿಡು!" ಅಂದಳು ಮುದುಕಿ. "ದಾಟದ ಕಲ್ಲು ಹೊರಗೆ.
ನನ್ನದಾದರೆ ಏನು?"
ಕಲ್ಲು ಹೊರಗೆ ಹೋಯಿತು. ಆಟ ಶುರುವಾಯಿತು.
ನಮ್ಮ ತಂಡ ಮಧ್ಯಾಹ್ನಕ್ಕೇ ಸೋತು
ಸೂಪು ಬಡಿಸಲು ನಿಂತಿತು.

ಮೊದಲ ತಗಡಿನಲ್ಲಿ ಈಗ ಮೂರು ಹೆಸರು.
ನಾಲ್ಕನೆಯ ಸಾಲಿನಲ್ಲಿ ಸ್ಟೋಕ್ ಉಳಿಸಿ
ಎಡ್ಗರನನ್ನು ಉಜ್ಜಿ ತೆಗೆದೆ. ಅಲ್ಲಿ ಒಂದು ಗೆರೆ ಎಳೆದೆ,
ನೇರ ಹೋಗಿ, ತುದಿಯಲ್ಲಿ ಒಳಕ್ಕೆ ಬಾಗಿದ್ದು.
ಇದೇನು ಗೀರು, ಎಂದಳು ಖಜಾಂಚಿ.
ಮೊನೆ ಜಾರಿತು ಎಂದೆ.
ಬಿಲ್ಲಿನಲ್ಲಿ ಅದನ್ನು ಸೇರಿಸಲಿಲ್ಲ.